ಚುಕ್ಕಾಣಿಯ ಕಾವಲು

ಅಕ್ಟೋಬರ್ 19, ಶನಿವಾರ. ಥ್ರಾಪ್‌ಸ್ಟನ್

ಮಾಲ್ಕಮ್ ಆಸ್ಪತ್ರೆಯಿಂದ ಫೋನ್ ಮಾಡಿ, ನಿನಗೊಬ್ಬ ಗಂಡಸನ್ನು ಗೊತ್ತು ಮಾಡಿದ್ದೇನೆ ಎಂದ. ಮದುವೆಯಾಗಿ ನಲವತ್ತು ವರ್ಷ ದಾಟಿದ ಮೇಲೆ ಗಂಡನಾದವನು ಹೆಂಡತಿಗೆ ಹೇಳುವ ಮಾತೇ ಇದು!

“ದೋಣಿ ತರೋಕೆ ಕಣೇ, ಇನ್ಯಾತಕ್ಕೂ ಅಲ್ಲ. ನೆವಿಲ್ ಟೆಬಟ್ ಅಂತ. ನದೀನ ಚೆನ್ನಾಗಿ ಬಲ್ಲವನು. ಸೋಮವಾರ ಬರ್ತಾನೆ.”

“ನಿನಗೆ ಹೇಗೆ ಗೊತ್ತು ಅವನು?”

“ಗೊತ್ತು.”

“ಗೊತ್ತು ಅಂದ್ರೆ ಹೇಗೆ ಗೊತ್ತು?”

“ಗೊತ್ತಿದ್ದವರ ಕಡೆಯಿಂದ ಗೊತ್ತು. ಹೇಝಲ್, ನರ್ಸ್ ಬಂದ್ಲು, ಇಡ್ತೀನಿ.”

ನರ್ಸ್ ಬಂದಿರಲಿಲ್ಲ. ನರ್ಸ್ ಬಂದರೆ ಅವಳ ತಳ್ಳುಗಾಡಿಯ ಗಡಗಡ ನನಗೆ ಫೋನಿನಲ್ಲೇ ಕೇಳಿಸುತ್ತದೆ.

ಅವನು ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡು ಮೂರು ವಾರವಾಯಿತು. ಇಲ್ಲೇ ಥ್ರಾಪ್‌ಸ್ಟನ್ ಸೇತುವೆಯ ಹತ್ತಿರ, ಹಗ್ಗ ಹಿಡಿದು ದಡಕ್ಕೆ ಹಾರುವಾಗ. ಹಾರುವುದು ನನ್ನ ಕೆಲಸ. ಅವತ್ತು ನಾನು ಒಳಗೆ ಆಲೂಗಡ್ಡೆ ಹೆಚ್ಚುತ್ತಿದ್ದೆ, ನನ್ನನ್ನು ಕರೆಯುವಷ್ಟು ತಾಳ್ಮೆ ಅವನಿಗೆ ಇರಲಿಲ್ಲ. ಈಗ ಪೀಟರ್‌ಬರೋದಲ್ಲಿ ಹೊಸ ಕೀಲು ಹಾಕಿಸಿಕೊಂಡು, ಊರುಗೋಲು ಹಿಡಿದು ನಡೆಯುವುದನ್ನು ಕಲಿಯುತ್ತಿದ್ದಾನೆ. ಬರುವ ಶುಕ್ರವಾರ ಮನೆಗೆ ಕಳಿಸುತ್ತಾರಂತೆ. ಮನೆಗೆ ಎಂದರೆ ಎಲ್ಲಿಗೆ? ಮನೆ ಮಾರಿ ಈ ದೋಣಿ ಕೊಂಡು ಆರು ವರ್ಷವಾಯಿತು. ಏಳಡಿ ಅಗಲ, ಅರವತ್ತಡಿ ಉದ್ದದ ಈ ಕಬ್ಬಿಣದ ಪಡಸಾಲೆಯೇ ನಮ್ಮ ಮನೆ. ಅದು ಶುಕ್ರವಾರದೊಳಗೆ ಪೀಟರ್‌ಬರೋದ ದಡದಲ್ಲಿ ನಿಂತಿರಬೇಕು. ಮಳೆ ಜೋರು ಹಿಡಿದು ನದಿಗೆ ಕೆಂಪು ಎಚ್ಚರಿಕೆ ಹಾಕಿಬಿಟ್ಟರೆ ಯಾವ ದೋಣಿಯೂ ಕದಲುವಂತಿಲ್ಲ. ಆಗ ಅವನು ಅವನ ತಂಗಿಯ ಮನೆಯ ಸೋಫಾದಲ್ಲಿ, ಅವಳ ಮೂರು ನಾಯಿಗಳ ಮಧ್ಯೆ. ನಾನು ಇಲ್ಲಿ, ಒಬ್ಬಳೇ.

ನನಗೆ ಚುಕ್ಕಾಣಿ ಹಿಡಿಯಲು ಬರುವುದಿಲ್ಲ. ದೋಣಿಯವರಲ್ಲಿ ಗಂಡಸು ಹಿಂದೆ ನಿಂತು ಚುಕ್ಕಾಣಿ ಹಿಡಿಯುತ್ತಾನೆ, ಹೆಂಗಸು ದಡಕ್ಕೆ ಹಾರಿ, ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಗೇಟುಕಟ್ಟೆಯ, ಅಂದರೆ ಲಾಕಿನ ಕೆಲಸ ಮಾಡುತ್ತಾಳೆ. ತೂಬು ಎತ್ತುವುದು, ಆನೆಯಂಥ ಗೇಟುಗಳನ್ನು ಬೆನ್ನು ಕೊಟ್ಟು ತಳ್ಳುವುದು, ನೀರು ಇಳಿದು ದೋಣಿ ಕೆಳಮಟ್ಟಕ್ಕೆ ಬರುವವರೆಗೆ ಮಳೆಯಲ್ಲಿ ನಿಂತಿರುವುದು, ಎಲ್ಲ ನಮ್ಮ ಪಾಲು. ಗಂಡಸು ಟೋಪಿ ಸರಿಮಾಡಿಕೊಳ್ಳುತ್ತ, ‘ಆಯ್ತೇನೇ?’ ಎನ್ನುತ್ತಾನೆ. ಆರು ವರ್ಷದಲ್ಲಿ ಎರಡೇ ಸಲ ಚುಕ್ಕಾಣಿ ನನ್ನ ಕೈಗೆ ಬಂದಿತ್ತು. ಎರಡೂ ಸಲ ಮಾಲ್ಕಮ್ ಕಕ್ಕಸಿನಲ್ಲಿದ್ದ, ಅಲ್ಲಿನ ಕಿಟಕಿಯಿಂದಲೇ ಕೂಗಾಡುತ್ತಿದ್ದ.

ಸೋಮವಾರ ಬರುವವನಿಗೆ ಹಾಸಿಗೆ ಎಲ್ಲಿ ಹಾಕಬೇಕೋ ತಿಳಿಯದು.

ಅಕ್ಟೋಬರ್ 21, ಸೋಮವಾರ

ಆಸಾಮಿ ಬಂದ. ಕುಳ್ಳ. ಕಳ್ಳನನ್ನು ನಂಬಿದರೂ ಕುಳ್ಳನನ್ನು ನಂಬಬಾರದು. ಅರವತ್ತೈದರ ಆಸುಪಾಸು, ಕೆಂಪು ಉಣ್ಣೆಯ ಟೋಪಿ, ಹೆಗಲಿಗೊಂದು ಚೀಲ. ಮೂವತ್ತು ವರ್ಷ ಬಸ್ಸು ಓಡಿಸಿದ್ದನಂತೆ. ಬಾಯಿ ತೆರೆದರೆ ‘ಡಕ್’, ಬಾತುಕೋಳಿ ಅಂತ ಸಲಿಗೆಯ ಮಾತು. ಈ ಸೀಮೆಯವರಿಗೆಲ್ಲ ಆ ಚಾಳಿ ಇದೆ, ಅಂಗಡಿಯವನೂ ಡಕ್, ಪಾದ್ರಿಯೂ ಡಕ್. ಆದರೂ ಗುರುತಿಲ್ಲ ಪರಿಚಯವಿಲ್ಲ, ಬಂದ ಮೊದಲ ನಿಮಿಷಕ್ಕೇ?

“ಲಿಲಿಯನ್ ಅಂತಾನಾ ಹೆಸರು? ಚೆನ್ನಾಗಿದೆ, ಡಕ್,” ಎಂದ, ದೋಣಿಯ ಮೇಲಿನ ಹೆಸರು ನೋಡಿ.

“ನಮ್ಮತ್ತೆ ಹೆಸರು,” ಎಂದೆ.

ಅತ್ತೆಯ ಹೊಟ್ಟೆಯೊಳಗೆ ಆರು ವರ್ಷ ಸಂಸಾರ ಮಾಡಿದ ಸೊಸೆ ಇಂಗ್ಲೆಂಡಿನಲ್ಲೇ ನಾನೊಬ್ಬಳು ಇರಬೇಕು. ಅದನ್ನು ಅವನಿಗೆ ಹೇಳಲಿಲ್ಲ.

ಚಹಾ ಕೊಟ್ಟೆ. ಹಾಲು ಬೇಡ ಎಂದ. ಸಕ್ಕರೆ ಬೇಡ ಎನ್ನುವವರನ್ನು ಕಂಡಿದ್ದೇನೆ, ಹಾಲು ಬೇಡ ಎನ್ನುವ ನಾರ್ತಾಂಪ್ಟನ್ ಕಡೆಯ ಬಸ್ ಡ್ರೈವರನ್ನು ಕಂಡಿಲ್ಲ. ಚಹಾ ಕುಡಿದವನೇ ಎಂಜಿನಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿದ. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ತಟ್ಟಿ ಕಿವಿಗೊಟ್ಟ, ಕಲ್ಲಂಗಡಿ ಕೊಳ್ಳುವವರ ಹಾಗೆ. ಒಲೆ ಹೊಗೆ ಉಗುಳುತ್ತದೆಯೇ, ಹಾಸಿಗೆಯ ಕೆಳಗೆ ತೇವ ಬರುತ್ತದೆಯೇ, ಎಲ್ಲ ವಿಚಾರಿಸಿಕೊಂಡ.

“ತುಕ್ಕು ಹಿಡೀದ ಹಾಗೆ ತಳಕ್ಕೆ ಕೊನೇ ಸಲ ಕಪ್ಪು ಬಳಿಸಿದ್ದು ಯಾವಾಗ, ಡಕ್?”

“ನಿಮಗ್ಯಾಕೆ ಮಿಸ್ಟರ್ ಟೆಬಟ್? ನೀವು ನಾಲ್ಕು ದಿನಕ್ಕೆ ಬಂದವರು.”

“ಸುಮ್ನೆ ಕೇಳ್ದೆ,” ಎಂದು ಹಲ್ಲು ಕಿಸಿದ.

ಸುಮ್ಮನೆ ಯಾರೂ ಏನನ್ನೂ ಕೇಳುವುದಿಲ್ಲ. ದೋಣಿ ಕದಿಯುವವರ ಕಥೆ ನಾನೂ ಕೇಳಿದ್ದೇನೆ. ಒಂದೇ ವಾರದಲ್ಲಿ ಬಣ್ಣ ಬದಲಾಯಿಸಿ, ಹೆಸರು ಅಳಿಸಿ, ಇನ್ಯಾವುದೋ ಕಾಲುವೆಯ ಮೂಲೆಯಲ್ಲಿ ಮಾರಿಬಿಡುತ್ತಾರಂತೆ. ಮಾಲ್ಕಮ್‌ಗೆ ಫೋನ್ ಮಾಡಿ ಹೇಳಿದರೆ ನಕ್ಕ. ಆ ನಗುವೂ ಸರಿಯಾಗಿರಲಿಲ್ಲ.

ಅವನಿಗೆ ಮುಂದಿನ ಕೋಣೆಯ ಬೆಂಚಿನ ಮೇಲೆ ಹಾಸಿಕೊಟ್ಟಿದ್ದೇನೆ. ನನ್ನ ಕೋಣೆಯ ಬಾಗಿಲಿಗೆ ಕುರ್ಚಿ ಒತ್ತಿ, ಅದರ ಮೇಲೆ ಬಾಣಲೆ ಇಟ್ಟಿದ್ದೇನೆ.

ಅಕ್ಟೋಬರ್ 22, ಮಂಗಳವಾರ. ವಾಡನ್‌ಹೋ

ಬೆಳಿಗ್ಗೆ ಎದ್ದು ನೋಡುತ್ತೇನೆ, ದೋಣಿ ದಡದಿಂದ ಮೊಳದಷ್ಟು ದೂರ ನಿಂತಿದೆ! ನಾನು ನಿನ್ನೆ ಸಂಜೆ ನನ್ನ ಕೈಯಾರೆ ಎರಡೂ ಹಗ್ಗ ಬಿಗಿದಿದ್ದೆ, ಬೆರಳಿನಿಂದ ಮೀಟಿದರೆ ತಂತಿಯಂತೆ ಟಂಯ್ ಎನ್ನಬೇಕು, ಹಾಗೆ. ಈಗ ಎರಡೂ ಜೋತು ಬಿದ್ದಿವೆ. ಆಸಾಮಿ ದಡದಲ್ಲಿ ನಿಂತು ಬ್ರೆಡ್ಡು ತಿನ್ನುತ್ತಿದ್ದಾನೆ.

“ಯಾರು ಸಡಿಲ ಮಾಡಿದ್ದು ಇದನ್ನ?”

“ನಾನೇ, ಡಕ್.”

“ನನ್ನ ದೋಣೀನ ನನ್ನನ್ನ ಸೇರಿಸಿ ತೇಲಿಬಿಡೋಣ ಅಂತಾನಾ?”

ಅವನು ಬ್ರೆಡ್ಡು ಅಗಿದು ಮುಗಿಸಿದ. “ನದಿ ಏರ್ತಿದೆ. ಬಿಗಿಯಾಗಿ ಕಟ್ಟಿದ್ರೆ ಏರೋ ದೋಣೀನ ಹಗ್ಗ ಏರೋಕೆ ಬಿಡಲ್ಲ, ಒಂದು ಪಕ್ಕ ಹಿಡಿದು ಬಗ್ಗಿಸುತ್ತೆ. ನೀವು ಕಾಲುವೆ ಮಂದಿ ಎಲ್ಲ ಹೀಗೇ ಕಟ್ಟೋದು. ಕಾಲುವೆ ನೀರು ಏರಲ್ಲ, ಇಳಿಯಲ್ಲ. ಇದು ನದಿ.”

ಕಾಲುವೆ ಮಂದಿ ಎಂದ! ಆರು ವರ್ಷ ನಾವು ಕಾಲುವೆಗಳಲ್ಲಿ ಓಡಾಡಿದ್ದು ನಿಜ, ನದಿಗೆ ಬಂದದ್ದು ಈ ವರ್ಷವೇ. ಆದರೂ ಮುಖಕ್ಕೆ ಹೊಡೆದಂತೆ ಹೇಳಬೇಕೇ? ದಡಕ್ಕೆ ಇಳಿದು ನೋಡಿದೆ. ನಿನ್ನೆ ನಾನು ಗೂಟ ಹೊಡೆದ ಜಾಗದ ಹುಲ್ಲು ನೀರೊಳಗಿತ್ತು. ಏರಿದ್ದು ಹೌದು. ಒಂದು ಸಲ ನಿಜ ಹೇಳಿದವನು ಇನ್ನೊಂದು ಸಲ ಸುಳ್ಳು ಹೇಳಬಾರದು ಎಂದೇನೂ ಕಾನೂನಿಲ್ಲ.

ಇಡೀ ದಿನ ಅವನು ಚುಕ್ಕಾಣಿ ಹಿಡಿದ, ನಾನು ಲಾಕಿನ ಕೆಲಸ ಮಾಡಿದೆ. ನಡುವೆ ಅವನ ಪಕ್ಕದಲ್ಲೇ ನಿಂತು ಅವನ ಕೈಗಳನ್ನು ಕಾದೆ, ಜೇಬುಗಳ್ಳನ ಕೈ ಕಾಯುವ ಹಾಗೆ. ಮಾಲ್ಕಮ್ ತಿರುವು ಬಂದರೆ ಎಂಜಿನ್ ಇಳಿಸುತ್ತಾನೆ. ಇವನು ಏರಿಸುತ್ತಾನೆ! ಸೆಳವಿನ ಮೇಲೆ ಹೋಗುವಾಗ ಎಂಜಿನ್ ಇಳಿಸಿದರೆ ದೋಣಿ ಚುಕ್ಕಾಣಿಯ ಮಾತು ಕೇಳುವುದಿಲ್ಲವಂತೆ, ನದಿಯ ಮಾತು ಕೇಳುತ್ತದಂತೆ. ತಿರುವಿನ ಹೊರಬದಿಗೆ ಸೆಳವು ಎಳೆಯುತ್ತದೆ ಎಂದು ಮೊದಲೇ ಮೂತಿಯನ್ನು ಒಳಬದಿಗೆ ಇಡುತ್ತಾನೆ. ಯಾರು ಕೇಳಿದ್ದರು ಇವನನ್ನು? ಆದರೂ ಹೇಳುತ್ತಲೇ ಇದ್ದ. ಅತಿ ವಿನಯ ಧೂರ್ತ ಲಕ್ಷಣ. ನಾನು ಒಂದನ್ನೂ ಬಿಡದೆ ನೋಡಿಕೊಂಡೆ, ಮುಂದೆ ಪೊಲೀಸರು ಕೇಳಿದರೆ ಹೇಳಲು ಬೇಕಲ್ಲ.

ಅಕ್ಟೋಬರ್ 23, ಬುಧವಾರ. ವಾಡನ್‌ಹೋ

ಮಳೆ. ಕೆಂಪು ಎಚ್ಚರಿಕೆ. ಕದಲುವ ಹಾಗಿಲ್ಲ. ನಾಡಿದ್ದೇ ಶುಕ್ರವಾರ.

ಇಲ್ಲಿ ದಂಡೆಯಲ್ಲಿ ಫೋನ್ ಸಿಗುವುದಿಲ್ಲ, ಗುಡ್ಡದ ಮೇಲಿನ ಚರ್ಚಿನ ಹತ್ತಿರ ಸಿಗುತ್ತದೆ. ಆಸಾಮಿ ಮಧ್ಯಾಹ್ನ, ‘ಸ್ವಲ್ಪ ಕಾಲಾಡಿಸಿ ಬರ್ತೀನಿ’ ಎಂದು ಹೊರಟ. ಸುರಿಯುವ ಮಳೆಯಲ್ಲಿ ಕಾಲಾಡಿಸುವವರು ಯಾರು? ಕೊಡೆ ಹಿಡಿದು ಹಿಂದೆಯೇ ಹೋದೆ. ಚರ್ಚಿನ ಗೋಡೆಯ ಈಚೆ ನಾನು, ಆಚೆ ಅವನು. ಕೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತೇನೆ.

“ಇಲ್ಲ, ಅವರಿಗೆ ಇನ್ನೂ ಗೊತ್ತಿಲ್ಲ... ಇಲ್ಲಪ್ಪ, ನಾನ್ಯಾಕೆ ಬಾಯಿ ಬಿಡ್ಲಿ... ಎಂಜಿನ್ ಗಟ್ಟಿಯಾಗಿದೆ. ತಳ ಒಂದು ನೋಡ್ಬೇಕು... ಶುಕ್ರವಾರ ಕೈಗೆ ಬಂದ್ರೆ ಸಾಕು... ಹೂಂ, ಪಾಪ. ಪಾಪ ಅನ್ಸುತ್ತೆ ನನಗೂ.”

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ! ಇವನಿಗೊಬ್ಬ ಜೊತೆಗಾರನೂ ಇದ್ದಾನೆ. ನನ್ನ ಮೇಲೆ ಪಾಪ ಬೇರೆ ಅನ್ನಿಸುತ್ತದಂತೆ.

ಅವನು ಇಳಿದು ಬರುವ ಮೊದಲೇ ಓಡಿ ಬಂದು ಎಂಜಿನಿನ ಕೀಲಿ ಕಿತ್ತುಕೊಂಡು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೇನೆ, ಸ್ವೆಟರಿನ ಒಳಗೆ. ಮಾಲ್ಕಮ್‌ಗೆ ಹೇಳಿದರೆ ಮತ್ತೆ ನಗುತ್ತಾನೆ. ಪೊಲೀಸರಿಗೆ ಹೇಳೋಣವೆಂದರೆ, ಕರೆಸಿಕೊಂಡವರು ನೀವೇ ಅಲ್ಲವೇ ಎನ್ನುತ್ತಾರೆ. ಇವನನ್ನು ಓಡಿಸೋಣವೆಂದರೆ ದೋಣಿ ಪೀಟರ್‌ಬರೋ ಮುಟ್ಟುವುದು ಹೇಗೆ? ಲಾಕಿನ ಕೆಲಸಕ್ಕೊಬ್ಬರು, ಚುಕ್ಕಾಣಿಗೊಬ್ಬರು ಬೇಕೇ ಬೇಕು.

ಯೋಚಿಸಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಚುಕ್ಕಾಣಿ ಅವನ ಕೈಯಲ್ಲಿದ್ದರೆ ತಾನೇ ದೋಣಿ ನನ್ನ ಕೈಬಿಟ್ಟು ಹೋಗುವುದು?

ಅಕ್ಟೋಬರ್ 24, ಗುರುವಾರ. ಎಲ್ಟನ್

ಕೈ ನೋಯುತ್ತಿದೆ, ಅಕ್ಷರ ಸೊಟ್ಟಗಿದ್ದರೆ ಇರಲಿ. ಇವತ್ತಿನದನ್ನು ಇವತ್ತೇ ಬರೆಯಬೇಕು.

ಬೆಳಿಗ್ಗೆ ಎಚ್ಚರಿಕೆ ತೆಗೆದಿದ್ದರು. ಶುಕ್ರವಾರ ಸಂಜೆಯಿಂದ ಮತ್ತೆ ಮಳೆಯಂತೆ, ಅಷ್ಟರೊಳಗೆ ಹೋದರೆ ಹೋದೆವು.

“ಕೀಲಿ ಎಲ್ಲಿ, ಡಕ್?”

“ನನ್ನ ಹತ್ರ ಇದೆ. ಇವತ್ತು ಚುಕ್ಕಾಣಿ ನಾನು ಹಿಡೀತೀನಿ. ನೀವು ಲಾಕ್ ನೋಡ್ಕೊಳ್ಳಿ.”

ಅವನು ಟೋಪಿ ಮೇಲಕ್ಕೆ ಸರಿಸಿ ನನ್ನನ್ನೇ ನೋಡಿದ. “ಬರುತ್ತಾ?”

“ನಲವತ್ತು ವರ್ಷ ಮಾಲ್ಕಮ್‌ನ ತಿರುಗಿಸಿದೀನಿ. ಇದೇನು ಮಹಾ.”

ಮೊದಲ ತಿರುವಿನಲ್ಲೇ ಒಂದು ವಿಲ್ಲೋ ಮರದೊಳಗೆ ನುಗ್ಗಿದೆ. ಚಾವಣಿಯ ಮೇಲಿದ್ದ ಹೂವಿನ ಕುಂಡ ನೀರು ಪಾಲಾಯಿತು, ನನ್ನ ಕೂದಲ ತುಂಬ ಎಲೆ. ಈ ಚುಕ್ಕಾಣಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗುತ್ತದೆ, ಎಡಕ್ಕೆ ತಳ್ಳಿದರೆ ಬಲಕ್ಕೆ. ನಮ್ಮತ್ತೆಯ ಹೆಸರಿಟ್ಟುಕೊಂಡದ್ದು ಇನ್ನು ಹೇಗಿದ್ದೀತು! ಆಸಾಮಿ ಉದ್ದ ಕೋಲು ಹಿಡಿದು ದಡದಿಂದ ನೂಕಿದ. ‘ನಾನು ಹಿಡೀಲಾ?’ ಎಂದು ಕೈ ಚಾಚಿದ. ಆ ಕೈ ಬಂದ ವೇಗ ನೋಡಿ ಚುಕ್ಕಾಣಿಯನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡೆ.

ಲಿಲ್‌ಫರ್ಡ್ ದಾಟುವ ಹೊತ್ತಿಗೆ ಮರಗಳು ನನ್ನ ಪಾಡಿಗೆ ನನ್ನನ್ನು ಬಿಟ್ಟವು. ಲಾಕಿನ ಬಾಯೊಳಗೆ ಮೊದಲ ಸಲ ಗೋಡೆಗೆ ಗುದ್ದಿದೆ, ಎರಡನೇ ಸಲ ಸವರಿದೆ, ಮೂರನೇ ಸಲ ಏನೂ ತಾಗಲಿಲ್ಲ. ಬಹುಶಃ ಆ ಲಾಕು ಅಗಲ ಇದ್ದಿರಬೇಕು. ಈ ನದಿಯ ಲಾಕುಗಳ ಕೆಳಗಡೆ ಬಾಗಿಲು ಮೇಲಕ್ಕೆ ಏಳುವ ಕಬ್ಬಿಣದ ಹಲಗೆ. ಅದರ ಅಡಿಯಲ್ಲಿ ಹಾಯುವಾಗ ಕೆಸರುನೀರು ಚುಕ್ಕಾಣಿ ಹಿಡಿದವರ ಬೆನ್ನೊಳಗೇ ಸುರಿಯುತ್ತದೆ. ಮಾಲ್ಕಮ್ ಟೋಪಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದದ್ದು ಅದಕ್ಕೇ ಎಂದು ಇವತ್ತು ತಿಳಿಯಿತು.

ಆಮೇಲೆ ಆ ಚರ್ಚಿನ ಗೋಪುರ. ಔಂಡಲ್ ಊರಿನದು, ಸೂಜಿಯಂತೆ ಮೊನಚು. ಮೊದಲು ಎಡಗಡೆ ಕಂಡಿತು. ಸರಿ, ಊರು ಬಂತು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ನೇರ ಎದುರಿಗೆ ಬಂತು. ಆಮೇಲೆ ನೋಡಿದರೆ ಬೆನ್ನ ಹಿಂದೆ! ಮತ್ತೆ ಒಂದು ತಿರುವು, ಮತ್ತೆ ಎಡಗಡೆ. ಸಣ್ಣಗೆ ಬೆವರಿದೆ. ಈ ಮನುಷ್ಯ ಹಿಂದಿನ ಕವಲಿನಲ್ಲಿ ‘ಬಲಕ್ಕೆ ಹೋಗಿ ಡಕ್’ ಎಂದಿದ್ದನಲ್ಲ, ನನ್ನನ್ನು ಬೇಕೆಂದೇ ಸುತ್ತಿಸುತ್ತಿದ್ದಾನೆ. ಕತ್ತಲಾಗುವವರೆಗೆ ಸುತ್ತಿಸಿ, ಜೊತೆಗಾರನ ಹತ್ತಿರ ಒಯ್ಯುವ ಹುನ್ನಾರ.

ದಡದಲ್ಲಿ ಒಬ್ಬ ಗಾಳ ಹಾಕಿ ಕೂತಿದ್ದ. ಎಂಜಿನ್ ಇಳಿಸದೆ ಕೂಗಿದೆ.

“ರೀ, ಇಲ್ಲಿಂದ ಪೀಟರ್‌ಬರೋ ಯಾವ ಕಡೆ?”

“ಎಲ್ಲಾ ಕಡೇನೂ! ಈ ನದಿ ಔಂಡಲ್ ಊರಿಗೆ ಪ್ರದಕ್ಷಿಣೆ ಹಾಕ್ದೆ ಮುಂದಕ್ಕೆ ಹೋಗಲ್ಲ. ನನ್ನ ಮೀನನ್ನೆಲ್ಲ ಓಡಿಸಿಬಿಟ್ರಲ್ಲ ತಾಯಿ, ಸ್ವಲ್ಪ ನಿಧಾನಕ್ಕೆ ಹೋಗಿ!”

“ನಿಧಾನಕ್ಕೆ ಹೋದ್ರೆ ನಿಮ್ಮ ಮಡಿಲಿಗೇ ಬರ್ತೀನಿ!”

ಎದುರಿಗೆ ಯಾರೋ ನಕ್ಕರು. ಆಸಾಮಿ. ಚಹಾದ ಲೋಟ ಹಿಡಿದು ಚಾವಣಿಯ ಮೇಲೆ ಕೂತಿದ್ದ, ಲೋಟ ತುಳುಕುವಷ್ಟು ನಕ್ಕ. ಒಂದು ಲೋಟ ನನಗೂ ಇಟ್ಟ. ಹಾಲು ಹಾಕಿದ್ದ, ಎರಡು ಚಮಚ ಸಕ್ಕರೆ. ನಾನು ಹೇಗೆ ಕುಡಿಯುತ್ತೇನೆ ಎಂದು ಇವನು ಯಾವಾಗ ನೋಡಿಕೊಂಡ? ಮೂಸಿ ನೋಡಿ ಕುಡಿದೆ. ಚೆನ್ನಾಗಿತ್ತು.

ಇನ್ನು ಕಾಟರ್‌ಸ್ಟಾಕ್ ಲಾಕಿನದು.

ಅಲ್ಲಿ ನದಿ ಎರಡಾಗುತ್ತದೆ. ಒಂದು ಪಾಲು ಲಾಕಿಗೆ, ಉಳಿದದ್ದೆಲ್ಲ ಪಕ್ಕದ ಒಡ್ಡಿನ ಮೇಲಿಂದ ಧುಮುಕಿ ಹೋಗುತ್ತದೆ. ಮಳೆಯ ನೀರು ಸೇರಿ ಒಡ್ಡು ಗುಡುಗುತ್ತಿತ್ತು. ಲಾಕಿನ ಮೊದಲು ಹಲಗೆಯ ಕಟ್ಟೆಗೆ ದೋಣಿ ನಿಲ್ಲಿಸಿದೆ. ಆಸಾಮಿ ಇಳಿದ.

“ನೀವೂ ಇಳಿದು ಹಗ್ಗ ಸುತ್ತಿ ಹಿಡ್ಕೊಳ್ಳಿ ಡಕ್, ನಾನು ಗೇಟು ತೆಗೀತೀನಿ,” ಎಂದ.

ನಾನು ಇಳಿದರೆ ಅವನು ಹತ್ತುತ್ತಾನೆ. ಅಷ್ಟೇ ಸಾಕಲ್ಲ! ಬೆಳಗಿನಿಂದ ಕಾದದ್ದು ಈ ಗಳಿಗೆಗೇ ಇರಬೇಕು.

“ಬೇಡ. ನಾನು ಇಲ್ಲೇ ಇರ್ತೀನಿ. ನೀವು ಹೋಗಿ,” ಎಂದೆ.

ಅವನು ಗೇಟಿನ ಹತ್ತಿರ ಹೋಗಿದ್ದಾನೆ, ಹಗ್ಗ ಹಿಡಿಯುವವರಿಲ್ಲದೆ ದೋಣಿಯ ಮೂತಿ ಮೆಲ್ಲಗೆ ಕಟ್ಟೆ ಬಿಟ್ಟಿತು. ಮೊದಲು ಗಮನಿಸಲಿಲ್ಲ. ಗಮನಿಸುವ ಹೊತ್ತಿಗೆ ಮೂತಿ ನೀರಿನ ನಡುವೆ ಇತ್ತು, ಒಡ್ಡಿನ ಕಡೆ ತಿರುಗುತ್ತಿತ್ತು. ಕಬ್ಬಿಣದ ಅರವತ್ತಡಿ, ಒಳಗೆ ನಮ್ಮ ಸಂಸಾರ ಪೂರ್ತಿ, ಎಲ್ಲ ಅಡ್ಡಡ್ಡ ತಿರುಗಿ ಆ ಬಿಳಿ ನೊರೆಯ ಕಡೆಗೆ.

“ಎಂಜಿನ್ ಕೊಡಿ! ಪೂರ್ತಿ ಕೊಡಿ! ಮುಂದಕ್ಕೆ!” ಆಸಾಮಿ ಅಲ್ಲಿಂದ ಕೂಗುತ್ತಿದ್ದಾನೆ.

ಮುಂದಕ್ಕೆ? ಮುಂದೆ ಇರುವುದೇ ಒಡ್ಡು! ಆರು ವರ್ಷ ಮಾಲ್ಕಮ್ ಹೇಳಿದ್ದು ಒಂದೇ, ಗಾಬರಿಯಾದರೆ ಹಿಂದಕ್ಕೆ ಎಳಿ, ನಿಲ್ಲಿಸು. ಇವನು ನನ್ನನ್ನು ಮುಳುಗಿಸಲು ನೋಡುತ್ತಿದ್ದಾನೆಯೇ? ಆದರೆ ನನ್ನನ್ನು ಮುಳುಗಿಸಿದರೆ ದೋಣಿಯೂ ಮುಳುಗುತ್ತದೆ. ಮುಳುಗಿದ ದೋಣಿಯನ್ನು ಕದಿಯುವವರು ಯಾರೂ ಇಲ್ಲ. ಅಂಥ ಹೊತ್ತಿನಲ್ಲೂ ನನಗೆ ಹೊಳೆದದ್ದು ಇದು. ಮಂಗಳವಾರ ಪ್ರತಿ ತಿರುವಿನಲ್ಲೂ ಅವನ ಕೈ ಮುಂದಕ್ಕೇ ಹೋದದ್ದೂ ಕಣ್ಣಿಗೆ ಕಟ್ಟಿತು. ಎಂಜಿನನ್ನು ಪೂರ್ತಿ ಏರಿಸಿದೆ. ಚುಕ್ಕಾಣಿಯನ್ನು ಎರಡೂ ಕೈಯಿಂದ, ಸೊಂಟದಿಂದ, ಒಡ್ಡಿನ ಕಡೆಗೇ ತಳ್ಳಿದೆ. ದೋಣಿ ಒಂದು ಕ್ಷಣ ಏನೂ ಮಾಡಲಿಲ್ಲ. ಆಮೇಲೆ ಮೂತಿ ತಿರುಗಿತು. ತಿರುಗಿ, ಲಾಕಿನ ಬಾಯಿಯ ಪಕ್ಕದ ಜೊಂಡಿನೊಳಗೆ ಹೋಗಿ ಕೆಸರಿಗೆ ಕಚ್ಚಿಕೊಂಡು ನಿಂತಿತು.

ಅವನು ಓಡಿ ಬಂದ. ಹಗ್ಗ ಹಿಡಿದು ಗೂಟಕ್ಕೆ ಸುತ್ತಿದ, ಆಮೇಲೆ ಒದ್ದೆ ಹುಲ್ಲಿನ ಮೇಲೇ ಕುಸಿದು ಕೂತ. ನನ್ನ ಬಾಯಿ ನನ್ನ ಹಿಡಿತದಲ್ಲಿರಲಿಲ್ಲ.

“ನೋಡ್ರಿ, ನೀವು ಕದಿಯೋಕೆ ಬಂದಿದ್ದ ದೋಣಿ ಇನ್ನೇನು ಹೋಗೇ ಬಿಡ್ತಿತ್ತು!”

“ಕದಿಯೋಕಾ?” ಅವನು ಬಾಯಿ ಬಿಟ್ಟುಕೊಂಡು ನೋಡಿದ. “ನಾನು ಕೊಳ್ಳೋಕೆ ಬಂದಿದ್ದು, ಡಕ್.”

ಒಡ್ಡಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡೆ. ಇನ್ನೊಂದು ಸಲ ಹೇಳಿಸಿದೆ.

ಮಾಲ್ಕಮ್ ದೋಣಿ ಮಾರುತ್ತಿದ್ದಾನೆ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಗಿರಾಕಿ ಹುಡುಕಿದ್ದಾನೆ. ಗಿರಾಕಿ ಓಡಿಸಿ ನೋಡಿದ ಹಾಗೂ ಆಯಿತು, ದೋಣಿ ಪೀಟರ್‌ಬರೋಕ್ಕೆ ಬಂದ ಹಾಗೂ ಆಯಿತು. ಚರ್ಚಿನ ಗೋಡೆಯಾಚೆ ಫೋನಿನಲ್ಲಿದ್ದ ಜೊತೆಗಾರ ನನ್ನ ಗಂಡ.

“ನನಗೆ ಯಾಕೆ ಹೇಳ್ಲಿಲ್ಲ ಅವನು?”

“ಹೇಳಿದ್ರೆ ಒಬ್ಬಳೇ ಕೂತು ಅಳ್ತಾಳೆ, ಮೊದಲು ದೋಣಿ ಬರ್ಲಿ, ಎದುರಿಗೆ ಕೂರಿಸ್ಕೊಂಡು ಹೇಳ್ತೀನಿ ಅಂದ. ಇನ್ನು ಗಂಟೆಗಟ್ಲೆ ನಿಲ್ಲೋಕೆ ಆಗಲ್ವಂತೆ ಅವನಿಗೆ, ಡಾಕ್ಟ್ರು ಬೇಡ ಅಂದಿದ್ದಾರಂತೆ. ಹೇಝಲ್‌ಗೆ ಚುಕ್ಕಾಣಿ ಬರಲ್ಲ, ದೋಣಿ ಇಟ್ಕೊಂಡು ಏನು ಮಾಡ್ಲಿ ಅಂದ.”

“ಬರಲ್ಲ ಅಂದ್ನಾ?”

“ಹೂಂ.” ಅವನು ಜೊಂಡಿನೊಳಗೆ ಹೂತಿದ್ದ ಮೂತಿಯನ್ನು ನೋಡಿದ, ಒಡ್ಡನ್ನು ನೋಡಿದ. “ಬೆಳಿಗ್ಗೆಯಿಂದ ನಾನೂ ಅದನ್ನೇ ಯೋಚಿಸ್ತಿದ್ದೀನಿ.”

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ನಾನು ನಾಲ್ಕು ದಿನ ಊರಿನ ಕಳ್ಳರನ್ನೆಲ್ಲ ಈ ಬಡಪಾಯಿಯ ಟೋಪಿಯ ಕೆಳಗೆ ಹುಡುಕಿದೆ! ಸಿಟ್ಟು ಬಂತು, ಅಳುವೂ ಬಂತು. ಮಾಲ್ಕಮ್ ಅಂದುಕೊಂಡ ಹಾಗೇ ಅಳಬಾರದೆಂದು ಹಲ್ಲು ಕಚ್ಚಿ ನಿಂತೆ.

“ನಿಮಗ್ಯಾಕೆ ಬೇಕಿತ್ತು ದೋಣಿ?” ಎಂದೆ.

“ಹೆಂಡತಿ ಹೋದ ಮೇಲೆ ಮನೆ ತುಂಬ ದೊಡ್ಡದಾಯ್ತು. ಯಾರೂ ಇಲ್ಲದ ಕೋಣೆಗಳ ಬಾಗಿಲು ಎಷ್ಟು ಅಂತ ಹಾಕಿ ತೆಗೀಲಿ? ಏಳಡಿ ಅಗಲ ಸಾಕು ಅನ್ನಿಸ್ತು.” ಎದ್ದು ಪ್ಯಾಂಟಿನ ಕೆಸರು ಕೊಡವಿಕೊಂಡ. “ಮಾಲ್ಕಮ್ ಹೇಳಿದ್ದು ಖಾಲಿ ಆಗೋ ದೋಣಿ ಅಂತ. ಇದು ಖಾಲಿ ಆಗೋ ಹಾಗೆ ಕಾಣ್ಲಿಲ್ಲ ನನಗೆ. ನೀವು ಮಾರಲ್ಲ ಅಂದ್ರೆ ನಾನು ಕೇಳಲ್ಲ. ಅಷ್ಟೇ. ಬನ್ನಿ, ಕೆಸರಿಂದ ಎಳೆಯೋಣ.”

ಇದೂ ಒಂದು ಆಟವಿರಬಹುದೇ ಎಂದು ಒಂದು ಗಳಿಗೆ ಅನ್ನಿಸಿತು. ಇರಲಿಕ್ಕಿಲ್ಲ. ಇದ್ದರೂ ಚುಕ್ಕಾಣಿ ನನ್ನ ಕೈಯಲ್ಲೇ ಇತ್ತು.

ವಾರ್ಮಿಂಗ್ಟನ್, ಆಮೇಲೆ ಎಲ್ಟನ್. ಕತ್ತಲಾಗುವ ಮೊದಲೇ ನಿಲ್ಲಿಸಿದೆವು. ಡಬ್ಬಿಯ ಸೂಪು ಬಿಸಿ ಮಾಡಿ, ಹಂದಿಮಾಂಸದ ಕಡುಬು ಹೆಚ್ಚಿದೆ, ದೊಡ್ಡ ತುಂಡು ನೆವಿಲ್‌ಗೆ ಕೊಟ್ಟೆ. ಮಾಲ್ಕಮ್ ಫೋನ್ ಬಂತು. ಎತ್ತಲಿಲ್ಲ. ಮತ್ತೆ ಬಂತು. ನೆವಿಲ್ ನನ್ನ ಮುಖ ನೋಡಿದ. ‘ಹೊಡ್ಕೊಳ್ಳಲಿ ಬಿಡಿ’ ಎಂದೆ.

ಅಕ್ಟೋಬರ್ 25, ಶುಕ್ರವಾರ. ಪೀಟರ್‌ಬರೋ

ಬೆಳಿಗ್ಗೆಯಿಂದ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ತಿರುವು, ಲಾಕು, ತಿರುವು. ವಾನ್ಸ್‌ಫರ್ಡ್ ಸೇತುವೆಯ ಕಮಾನಿನಡಿ ಎದುರಿಗೆ ಒಂದು ದೋಣಿ ಬಂತು. ಅದರ ಚುಕ್ಕಾಣಿ ಹಿಡಿದಿದ್ದ ಗಡ್ಡದವನು ನನ್ನ ಹಿಂದೆ ಮುಂದೆ ಇಣುಕಿ, ‘ಯಜಮಾನ್ರು ಇಲ್ವಾ?’ ಎಂದ. ‘ಇದ್ದಾರೆ, ನಿಮ್ಮ ಹಿಂಭಾಗ ನೋಡ್ಕೊಳ್ಳಿ’ ಎಂದೆ. ಅವನ ದೋಣಿಯ ಹಿಂಭಾಗ ಕಂಬಕ್ಕೆ ಉಜ್ಜಿತು.

ದಾರಿಯುದ್ದಕ್ಕೂ ಮಾಲ್ಕಮ್‌ಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಒಂದಕ್ಕಿಂತ ಒಂದು ಹರಿತ. ಇವತ್ತು ಅವನಿಗೆ ಉಸಿರಾಡಲು ಬಿಡಬಾರದು ಎಂದುಕೊಂಡೆ.

ಅವನು ದಂಡೆಯ ಮೆಟ್ಟಿಲ ಬಳಿ ಬೆಂಚಿನ ಮೇಲೆ ಕೂತಿದ್ದ, ಪಕ್ಕದಲ್ಲಿ ಆಸ್ಪತ್ರೆಯ ಪ್ಲಾಸ್ಟಿಕ್ ಚೀಲ. ಇಳಿದುಹೋಗಿದ್ದ. ಕೋಟು ಬೇರೆ ಯಾರದೋ ಎನ್ನುವ ಹಾಗೆ ದೊಗಳೆಯಾಗಿತ್ತು. ದೋಣಿ ಕಂಡದ್ದೇ ಊರುಗೋಲು ಊರಿ ಎದ್ದ. ಕೈ ಬೀಸಿದ. ಆಮೇಲೆ ಕೈ ಅಲ್ಲೇ ನಿಂತಿತು.

“ಹೇಝಲ್! ನೆವಿಲ್‌ಗೆ ಕೊಡು ಅದನ್ನ! ಇಲ್ಲಿ ಸೆಳವು ಜೋರಿದೆ! ನೆವಿಲ್ ಎಲ್ಲಿ?”

ನೆವಿಲ್ ಮುಂದೆ ಕೂತು ತನ್ನ ಚೀಲ ಕಟ್ಟಿಕೊಳ್ಳುತ್ತಿದ್ದ. ತಿರುಗಿಯೂ ನೋಡಲಿಲ್ಲ.

ಇಲ್ಲಿ ದಡಕ್ಕೆ ಬರಬೇಕಾದರೆ ದೋಣಿಯನ್ನು ಮೊದಲು ನದಿಯ ನಡುವೆ ಪೂರ್ತಿ ತಿರುಗಿಸಿ, ಸೆಳವಿಗೆ ಮುಖಮಾಡಿ ನಿಲ್ಲಿಸಬೇಕು. ಹಾಗಾದರೆ ನೀರೇ ತಡೆದು ಹಿಡಿಯುತ್ತದೆ. ತಿರುಗಿಸಿದೆ. ಸೇತುವೆಯ ಮೇಲೆ ನಾಲ್ಕು ಜನ ನಿಂತು ನೋಡುತ್ತಿದ್ದರು, ನೋಡಲಿ. ಕಲ್ಲಿನ ಗೋಡೆಗೆ ಅಂಗೈಯಷ್ಟು ಜಾಗ ಬಿಟ್ಟು ನಿಲ್ಲಿಸಿ, ನಡುವಿನ ಹಗ್ಗ ಎತ್ತಿ ಮಾಲ್ಕಮ್ ಕಡೆಗೆ ಎಸೆದೆ.

“ಹಿಡ್ಕೋ!”

ಹಿಡಿದ. ಎರಡೂ ಕೈಯಿಂದ ಹಿಡಿದ, ಊರುಗೋಲು ಬಿದ್ದು ಮೆಟ್ಟಿಲ ಮೇಲೆ ಟಣಟಣ ಉರುಳಿತು. ಹಗ್ಗ ಹಿಡಿದು ಒಂಟಿ ಕಾಲಿನ ಮೇಲೆ ಭಾರ ಬಿಟ್ಟು ನಿಂತುಕೊಂಡು, ನನ್ನನ್ನು ಹಿಂದೆಂದೂ ನೋಡಿಲ್ಲದವನ ಹಾಗೆ ನೋಡಿದ.

“ಯಾವಾಗ ಕಲಿತೆ ಇದನ್ನೆಲ್ಲ?”

“ಏನು ಕಲಿತೆ? ಕಳ್ಳನ್ನ ಕಾಯ್ತಾ ಇದ್ದೆ, ಅಷ್ಟೇ.”

“ಯಾವ ಕಳ್ಳ?”

ಅವನು ನೆವಿಲ್ ಕಡೆ ನೋಡಿದ, ನೆವಿಲ್ ಬೂಟಿನ ದಾರ ಕಟ್ಟಿಕೊಳ್ಳುವುದರಲ್ಲಿ ಮುಳುಗಿದ್ದ. ಮಾಲ್ಕಮ್‌ನ ಕಿವಿ ಕೆಂಪಗಾಯಿತು.

“ಹೇಳಿಬಿಟ್ನಾ?”

“ಹೇಳ್ದ. ನೀನು ಹೇಳ್ಬೇಕಿತ್ತು.”

“ಹೇಳ್ಬೇಕಿತ್ತು,” ಎಂದ.

ನೆವಿಲ್ ಬಸ್ ನಿಲ್ದಾಣಕ್ಕೆ ಹೊರಟ. ಊರುಗೋಲು ಎತ್ತಿ ಮಾಲ್ಕಮ್ ಕೈಗೆ ಕೊಟ್ಟು, ‘ನಾನು ಬೇರೆ ದೋಣಿ ನೋಡ್ಕೋತೀನಿ ಮಾಲ್ಕಮ್, ಇದು ಆಗಲ್ಲ’ ಎಂದ. ನನಗೆ ಕೈ ಕೊಟ್ಟ. ಕ್ರಿಸ್ಮಸ್ಸಿಗೆ ಊಟಕ್ಕೆ ಬನ್ನಿ ಎಂದೆ. ಅದು ಹೇಗೆ ಬಾಯಿಗೆ ಬಂತೋ.

ಮಾಲ್ಕಮ್‌ನನ್ನು ಒಳಗೆ ಇಳಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಅರ್ಧ ಹೇಳಿದೆ. ಅವನು ಒಂದಕ್ಕೂ ಎದುರಾಡಲಿಲ್ಲ, ಅದೇ ನನಗೆ ಸಹಿಸಲಾಗಲಿಲ್ಲ. ಕೊನೆಗೆ ಮೇಜಿನ ಅಂಚು ಹಿಡಿದುಕೊಂಡು ಕೇಳಿದ. “ಹಿಂದೆ ನಿಲ್ಲೋಕೆ ಆಗಲ್ಲ ನನ್ನಿಂದ. ಗೇಟು ತಳ್ಳೋಕೂ ಆಗಲ್ಲ. ಸುಮ್ನೆ ಕೂತಿರೋಕೆ ನಾಚಿಕೆ ಆಗುತ್ತೆ ಹೇಝಲ್. ನಾನು ಇಲ್ಲಿ ಏನು ಮಾಡ್ಲಿ ಹೇಳು?”

ಅವನು ಅಳುತ್ತಿದ್ದ. ಮಾಲ್ಕಮ್ ಅತ್ತದ್ದನ್ನು ನಾನು ನೋಡಿರಲಿಲ್ಲ, ಅತ್ತೆ ಸತ್ತಾಗಲೂ. ನಾನು ಅಳುತ್ತೇನೆ ಎಂದು ಹೇಳಿಕೊಂಡು ತಿರುಗಿದವನು ಇವನು! ಉಳಿದರ್ಧ ಮಾತುಗಳು ಎಲ್ಲಿ ಹೋದವೋ.

“ನಾಳೆ ಮಳೆ ಬಿಟ್ರೆ ನೀರು ತುಂಬಿಸೋಕೆ ಆಚೆ ದಡಕ್ಕೆ ಹೋಗ್ಬೇಕು,” ಎಂದೆ. “ನೀನು ಮುಂದೆ ಕೂತ್ಕೋ. ಹಿಂದೆ ನಿಂತವರಿಗೆ ಅರವತ್ತಡಿ ಆಚೆ ಏನಿದೆ ಅಂತ ಕಾಣಲ್ಲ, ನಿನಗೇ ಗೊತ್ತಲ್ಲ. ಏನಾದ್ರೂ ಅಡ್ಡ ಬಂದ್ರೆ ಕೂಗು.”

“ಕೂಗ್ತೀನಿ,” ಎಂದ.

“ಎಡ ಬಲ ಅಂತ ಹೇಳಿಕೊಡೋಕೆ ಬರ್ಬೇಡ. ಅಡ್ಡ ಬಂದ್ರೆ ಮಾತ್ರ.”

“ಅಡ್ಡ ಬಂದ್ರೆ ಮಾತ್ರ,” ಎಂದು ಮೂಗೊರೆಸಿಕೊಂಡ.

ಹೊರಗೆ ಮಳೆ ಶುರುವಾಗಿದೆ. ಅವನು ಮಲಗಿದ್ದಾನೆ. ದೋಣಿ ಮಾರುವ ಮಾತನ್ನು ಇವತ್ತು ಮತ್ತೆ ಎತ್ತಲಿಲ್ಲ. ನಾಳೆ ಎತ್ತುತ್ತಾನೋ ಏನೋ, ಕಿವಿ ತೆರೆದುಕೊಂಡೇ ಇರುತ್ತೇನೆ.